ಮೂರು ಮೇಜು, ಒಂದು ಸೀಟಿ

ವಿಶ್ವನಾಥನ ಕಷ್ಟಕ್ಕೆಲ್ಲ ಮೂಲ ಒಂದು ಫೋಟೊ. ಅದರಲ್ಲಿ ಎಲ್ಲರೂ ಚೆನ್ನಾಗಿ ನಗುತ್ತಿದ್ದರು. ಎಡವಟ್ಟಾಗಿದ್ದೇ ಅಲ್ಲಿ.

ಕೋಗಿಲು ಕ್ರಾಸಿನ ಹತ್ತಿರದ ಸ್ವಿಚ್ ಫ್ಯಾಕ್ಟರಿಯಲ್ಲಿ ಅವನು ಸೂಪರ್‌ವೈಸರ್. ಅವನ ಕೈಕೆಳಗೆ ಮೂರು ಮೇಜು, ಮೇಜಿಗೆ ಎಂಟೆಂಟು ಜನ. ಮೊದಲನೇ ಮೇಜಿನಲ್ಲಿ ವೀರಬಸಪ್ಪ, ನೀಲಕ್ಕ ಮತ್ತು ಅವರ ಉತ್ತರ ಕರ್ನಾಟಕದ ಮಂದಿ. ಎರಡನೇದರಲ್ಲಿ ರೆಹಾನಾ, ಕುಲ್ಸುಮ್ ಮತ್ತು ಅವರ ಬೀದಿಯ ಹೆಂಗಸರು. ಮೂರನೇದು ಜಕ್ಕೂರು, ಕೋಗಿಲಿನ ಲೋಕಲ್‌ಗಳದ್ದು. ಹೀಗೇ ಕೂತ್ಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಗೊತ್ತಿರುವವರ ಪಕ್ಕ ಸೀಟು ಹಿಡಿಯುವ ಹಾಗೆ ತಾವೇ ಕೂತು ವರ್ಷಗಳಾಗಿದ್ದವು.

ಹೋದ ತಿಂಗಳು ಹೆಡ್ ಆಫೀಸಿನಿಂದ ಡೈವರ್ಸಿಟಿ ಪಾಲಿಸಿ ಅಂತ ಒಂದು ಸುತ್ತೋಲೆ ಬಂತು. ಎಲ್ಲ ಮೇಜಿನಲ್ಲೂ ಎಲ್ಲ ಥರದ ಜನ ಬೆರೆತು ಕೂರಬೇಕು, ಒಟ್ಟಿಗೆ ಊಟ ಮಾಡಬೇಕು, ಅದರಿಂದ ಕೆಲಸ ಹೆಚ್ಚುತ್ತದೆ ಅಂತ. ವಿಶ್ವನಾಥನಿಗೆ ನಗು ಬಂತು. ಕೂರುವ ಜಾಗ ಬದಲಾದರೆ ಕೈ ಬದಲಾಗುತ್ತದೆಯೇ? ಅವನು ಎಲ್ಲರನ್ನೂ ಐದೇ ಐದು ನಿಮಿಷ ಬೆರೆಸಿ ಕೂರಿಸಿ, ನಗಿಸಿ, ಫೋಟೊ ಹೊಡೆದು, ಮತ್ತೆ ಅವರವರ ಜಾಗಕ್ಕೆ ಅಟ್ಟಿದ. ಆಮೇಲೆ ಆ ಫೋಟೊ ಲಗತ್ತಿಸಿ ಹೆಡ್ ಆಫೀಸಿಗೆ ರಿಪೋರ್ಟ್ ಬರೆದ: 'ಮೊದಲು ದಿನಕ್ಕೆ ಎಂಟುನೂರು ಸ್ವಿಚ್. ಬೆರೆಸಿದ ಮೇಲೆ ಸಾವಿರ.' ಸುಳ್ಳಾದರೂ ನಂಬುವ ಹಾಗಿರಲಿ ಅಂತ ಸಾವಿರಕ್ಕೇ ನಿಲ್ಲಿಸಿದ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಕಡಿಮೆ ಬೀಳುವ ಇನ್ನೂರನ್ನು ಸ್ಟೋರಿನ ಗುಲಾಮ್ ರಸೂಲ್ ಹಳೇ ಸ್ಟಾಕಿನಿಂದ ತುಂಬಿಕೊಡುತ್ತಿದ್ದ.

ವಿಶ್ವನಾಥನ ನಿಜವಾದ ನಂಬಿಕೆ ಇದ್ದದ್ದು ಕತ್ತಿನಲ್ಲಿ ನೇತಾಡುವ ಸೀಟಿಯ ಮೇಲೆ. ಅರ್ಧ ಗಂಟೆಗೊಮ್ಮೆ ಅದನ್ನು ಊದುತ್ತಿದ್ದ. ಎಲ್ಲರೂ ಕೆಲಸ ಬಿಟ್ಟು ಎದ್ದು ನಿಲ್ಲಬೇಕು, ಅವನು ಒಂದೊಂದೇ ಟ್ರೇ ಎಣಿಸಿ ಬೋರ್ಡಿನ ಮೇಲೆ ಬರೆಯಬೇಕು. ಎಣಿಸದೆ ಬಿಟ್ಟರೆ ಜನ ಕೈಕಟ್ಟಿ ಕೂರುತ್ತಾರೆ ಅನ್ನುವುದು ಅವನ ಸಿದ್ಧಾಂತ.

ಆವತ್ತು ಬೆಳಿಗ್ಗೆ ಎಂಟಕ್ಕೆ ಗುಲಾಮ್ ರಸೂಲ್ ಓಡಿ ಬಂದ.

"ಸರ್, ಹೆಡ್ ಆಫೀಸಿಂದ ಅಕ್ಷಯಾ ಮೇಡಂ ಇವತ್ತು ಮಧ್ಯಾಹ್ನ ಬರ್ತಾರಂತೆ. ನಿಮ್ಮ ರಿಪೋರ್ಟ್ ತುಂಬಾ ಇಷ್ಟ ಆಯ್ತಂತೆ. ಕಣ್ಣಾರೆ ನೋಡ್ಬೇಕಂತೆ."

ಫ್ಲೋರ್ ಮ್ಯಾನೇಜರ್ ಹುದ್ದೆ ಖಾಲಿಯಿತ್ತು, ಅದನ್ನು ತುಂಬುವವರು ಇದೇ ಅಕ್ಷಯಾ. ಎಡವಟ್ಟಾದರೆ ರಾಜಾನುಕುಂಟೆಯ ಗೋಡೌನಿಗೆ ವರ್ಗ. ಅಲ್ಲಿ ಮುರುಕು ಪೆಟ್ಟಿಗೆಗಳೂ ಕಾವಲಿನ ಅಂಜಿನಮ್ಮನೂ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಎಲ್ಲರೂ ಏಳಿ. ಬೆರೀರಿ," ಅಂದ.

"ಮತ್ತ ಫೋಟೋ ಏನ್ರೀ ಸಾಹೇಬ್ರ?" ವೀರಬಸಪ್ಪ ಮೀಸೆ ತೀಡಿಕೊಂಡ.

"ಇಲ್ಲ ಕಣ್ರೀ, ಇವತ್ತು ನಿಜವಾಗ್ಲೂ. ಸಂಜೆವರೆಗೂ ಹಿಂಗೇ ಇರ್ಬೇಕು. ಯಾರಾದ್ರೂ ಕೇಳಿದ್ರೆ ಒಂದು ತಿಂಗಳಿಂದ ಹಿಂಗೇ ಅನ್ನಿ."

ಕುರ್ಚಿ ಎಳೆದಾಟದಲ್ಲಿ ಒಂದು ಸ್ಪ್ರಿಂಗಿನ ಡಬ್ಬಿ ಮಗುಚಿ ನೆಲವೆಲ್ಲ ಸಾಸಿವೆ ಚೆಲ್ಲಿದಂತಾಯಿತು. ರೆಹಾನಾ ಪಕ್ಕ ನೀಲಕ್ಕ, ಕುಲ್ಸುಮ್ ಎದುರು ವೀರಬಸಪ್ಪ, ನಡುನಡುವೆ ಲೋಕಲ್‌ಗಳು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ವಿಶ್ವನಾಥನಿಗೆ ಇನ್ನೂ ದೊಡ್ಡ ಯೋಚನೆ ಹತ್ತಿಕೊಂಡಿತು.

"ರಸೂಲ್, ಊಟ ಒಟ್ಟಿಗೆ ಮಾಡ್ಬೇಕಲ್ಲಪ್ಪ. ಇವರಿಗೆ ಏನ್ ತಂದು ಹಾಕೋದು?"

ಗುಲಾಮ್ ರಸೂಲ್‌ಗೆ ಗೊತ್ತಿಲ್ಲದ ವಿಷಯವೇ ಲೋಕದಲ್ಲಿರಲಿಲ್ಲ. "ಜೋಳದ ರೊಟ್ಟಿ ಅಂದ್ರೆ ಯಶವಂತಪುರದ ಖಾನಾವಳಿದೇ ಸರ್. ಬಿರಿಯಾನಿ ಅಂದ್ರೆ ಆರ್.ಟಿ. ನಗರ. ಇಲ್ಲೆಲ್ಲೂ ತರಬೇಡಿ, ಬೇಜಾರ್ ಮಾಡ್ಕೋತಾರೆ."

ಊಟಕ್ಕೆ ಏನು ಬೇಕು ಅಂತ ಇಪ್ಪತ್ತನಾಲ್ಕು ಜನರಲ್ಲಿ ಒಬ್ಬರನ್ನಾದರೂ ಕೇಳಬಹುದಿತ್ತು. ವಿಶ್ವನಾಥ ಕೇಳಲಿಲ್ಲ, ಸ್ಕೂಟರ್ ಹತ್ತಿದ.

ಯಶವಂತಪುರದಲ್ಲಿ ರೊಟ್ಟಿ ತಟ್ಟುವವರು ಬಂದದ್ದೇ ಹನ್ನೊಂದಕ್ಕೆ. ಆರ್.ಟಿ. ನಗರದಲ್ಲಿ ಬಿರಿಯಾನಿ ಬೆಂದು ದಮ್ಮಿನ ಮುಚ್ಚಳ ತೆರೆದದ್ದು ಒಂದೂವರೆಗೆ. ಹಿಂದೊಂದು ಮೂಟೆ, ಕಾಲ ಸಂದಿಯಲ್ಲೊಂದು ಹಂಡೆ ಇಟ್ಟುಕೊಂಡು ಹೆಬ್ಬಾಳದ ಫ್ಲೈಓವರ್ ಏರುವಷ್ಟರಲ್ಲಿ ಮುಂದೆ ಯಾವುದೋ ಲಾರಿ ಕೆಟ್ಟು ನಿಂತಿತು. ಬಿರಿಯಾನಿಯ ಹಬೆಗೆ ಕಾಲು ಬೇಯುತ್ತಿತ್ತು. ಅಷ್ಟರಲ್ಲಿ ಫೋನು.

"ಸರ್, ಮೇಡಂ ಬಂದಿದಾರೆ," ಅಂದ ಗುಲಾಮ್ ರಸೂಲ್.

"ಯಾವಾಗ?"

"ಹತ್ತು ಗಂಟೆಗೇ."

"ಹತ್ತಕ್ಕೆ ಬಂದಿದ್ದು ಈಗ ಹೇಳ್ತಿದೀಯಲ್ಲೋ?"

"ನೀವು ಗಾಡಿ ಓಡಿಸ್ತಿರ್ತೀರಿ, ಟೆನ್ಷನ್ ಯಾಕೆ ಕೊಡೋದು ಅಂತ. ನೀವು ಎಲ್ಲಿದೀರಿ ಅಂತ ಕೇಳಿದ್ರು, ಇಲ್ಲೇ ಎಲ್ಲೋ ಇರ್ತಾರೆ ಅಂದೆ. ಅವರೇ ಕುರ್ಚಿ ಹಾಕ್ಕೊಂಡು ಕೂತು ನೋಡ್ತಿದಾರೆ."

ವಿಶ್ವನಾಥನಿಗೆ ಸ್ಕೂಟರನ್ನು ಹಂಡೆ ಸಮೇತ ಪಕ್ಕದ ಹೆಬ್ಬಾಳದ ಕೆರೆಗೆ ಹಾರಿಸಿಬಿಡೋಣ ಅನ್ನಿಸಿತು.

ನಾಲ್ಕು ಗಂಟೆಗೆ ಅವನು ಬೆವೆತು ಏದುಸಿರು ಬಿಡುತ್ತ ಒಳಗೆ ಬಂದ. ಊಟ ಮುಗಿದು ಎಷ್ಟೋ ಹೊತ್ತಾಗಿತ್ತು. ನೀಲಕ್ಕನ ಶೇಂಗಾ ಚಟ್ನಿ ರೆಹಾನಾಳ ಡಬ್ಬಿಯಲ್ಲಿತ್ತು, ರೆಹಾನಾಳ ಖಾಲಿ ಡಬ್ಬಿ ಲೋಕಲ್‌ಗಳ ಕೈಯಲ್ಲಿತ್ತು. ಎಲ್ಲರೂ ಮನೆಯಿಂದ ತಂದದ್ದನ್ನೇ ಹಂಚಿಕೊಂಡು ತಿಂದು ಕೆಲಸಕ್ಕೆ ಕೂತಿದ್ದರು. ಕೆಲಸವಂತೂ ಓಡುತ್ತಿತ್ತು. ಮನೆಯಲ್ಲಿ ಜರಿ ಕಸೂತಿ ಮಾಡುತ್ತಿದ್ದ ರೆಹಾನಾ ಸ್ಪ್ರಿಂಗನ್ನು ಬೆರಳಿಂದ ಹಿಡಿಯದೆ ಸೂಜಿ ತುದಿಯಿಂದ ಎತ್ತಿ ಕೂರಿಸುತ್ತಿದ್ದಳು. ಅದನ್ನು ನೋಡಿ ನೀಲಕ್ಕ ಕಲಿತಿದ್ದಳು. ಸ್ಕ್ರೂ ತಿರುಗಿಸುವುದೆಲ್ಲ ವೀರಬಸಪ್ಪನ ಪಾಲು.

ಬೋರ್ಡಿನ ಮೇಲೆ ಅಕ್ಷಯಾ ಮೇಡಂ ಕೈಬರಹದಲ್ಲಿ ಸಾವಿರದ ಇನ್ನೂರು ಅಂತಿತ್ತು. ವಿಶ್ವನಾಥ ಕಣ್ಣುಜ್ಜಿಕೊಂಡ. ಅವನ ಸುಳ್ಳನ್ನೂ ಮೀರಿಸಿದ ನಿಜ ಅದು. ಖುಷಿ ತಡೆಯಲಾರದೆ, ತನ್ನ ಕೈಯಾರೆ ಎಣಿಸಬೇಕು ಅನ್ನಿಸಿ, ಜೋರಾಗಿ ಸೀಟಿ ಊದಿಬಿಟ್ಟ.

ಇಪ್ಪತ್ತನಾಲ್ಕು ಜೊತೆ ಕೈ ನಿಂತವು. ಎಲ್ಲರೂ ಎದ್ದು ನಿಂತರು. ಅವನು ಟ್ರೇ ಟ್ರೇ ಎಣಿಸುತ್ತ ಬಂದ. ಅಕ್ಷಯಾ ವಾಚು ನೋಡಿಕೊಂಡು ಏನೋ ಬರೆದುಕೊಂಡಳು.

"ಸರಿಯಾಗಿದೆ ಮೇಡಂ, ಸಾವಿರದ ಇನ್ನೂರು. ಎಲ್ಲಾ ನಿಮ್ಮ ಪಾಲಿಸಿ ಮಹಿಮೆ."

"ತುಂಬಾ ಸಂತೋಷ ವಿಶ್ವನಾಥ್. ಒಂದೇ ಒಂದು ಅನುಮಾನ. ಈ ಬೆರೆತು ಕೂರೋದು, ಸೂಜಿ ಉಪಾಯ, ಇದೆಲ್ಲ ಹೋದ ತಿಂಗಳಿಂದ್ಲೇ ನಡೀತಿದೆಯೋ, ಇವತ್ತು ಶುರುವಾಯ್ತೋ?"

ಇವತ್ತು ಅಂದರೆ ರಿಪೋರ್ಟು ಸುಳ್ಳು, ಕೆಲಸವೇ ಹೋಗುತ್ತದೆ. ವೀರಬಸಪ್ಪ ಸೂರು ನೋಡಿದ, ರೆಹಾನಾ ಸೂಜಿ ನೋಡಿದಳು, ಗುಲಾಮ್ ರಸೂಲ್ ಸ್ಟೋರಿನ ಒಳಗೆ ಹೋದ.

"ಹೋದ ತಿಂಗಳಿಂದ್ಲೇ ಮೇಡಂ," ಅಂದ ವಿಶ್ವನಾಥ. "ದೇವರಾಣೆಗೂ."

"ಹಾಗಾದ್ರೆ ಬೆರೆಸಿದ್ದಕ್ಕೆ ಬಂದಿದ್ದು ಸಾವಿರ, ನೀವೇ ಬರೆದಿದೀರಿ. ಇವತ್ತು ಅದೇ ಜನ, ಅದೇ ಮೇಜು, ಅದೇ ಸೂಜಿ. ಮೇಲಿನ ಇನ್ನೂರು ಎಲ್ಲಿಂದ ಬಂತು ಅಂತ ಆಗಿಂದ ಯೋಚಿಸ್ತಿದ್ದೆ. ಈಗ ಗೊತ್ತಾಯ್ತು. ನೀವು ಸೀಟಿ ಊದಿ ಎಣಿಸೋಕೆ ಹನ್ನೊಂದು ನಿಮಿಷ ಹಿಡೀತು. ದಿನಕ್ಕೆ ಎಷ್ಟು ಸಲ ಊದ್ತೀರಿ?"

"ಹದಿನೈದು," ಅಂದ ವಿಶ್ವನಾಥ.

"ಎರಡೂಮುಕ್ಕಾಲು ಗಂಟೆ ಆಯ್ತು. ಇವತ್ತು ಇಲ್ಲಿ ಇಲ್ಲದೇ ಇದ್ದಿದ್ದು ಒಂದೇ, ನೀವು."

ಇಲ್ಲ ಮೇಡಂ, ಇದು ಬೆರೆಸಿದ್ದಕ್ಕೇ ಆದದ್ದು, ಬೆರೆಸಿದ್ದೇ ಇವತ್ತು, ನಿಮ್ಮ ಪಾಲಿಸಿ ನಿಜ, ನಾನೇ ಸುಳ್ಳು ಅಂತ ಕೂಗಬೇಕು ಅನ್ನಿಸಿತು ಅವನಿಗೆ. ಬಾಯಿಯವರೆಗೂ ಬಂತು. ಹಾಗೇ ನುಂಗಿಕೊಂಡ.

"ರಾಜಾನುಕುಂಟೆಯಲ್ಲಿ ಎಣಿಸೋಕೆ ತುಂಬಾ ಪೆಟ್ಟಿಗೆ ಇವೆ," ಅಂದಳು ಅಕ್ಷಯಾ, ಮೃದುವಾಗಿಯೇ. "ಸೋಮವಾರದಿಂದ ಅಲ್ಲಿಗೆ ಹೋಗಿ. ಇಲ್ಲಿ ರೆಹಾನಾ, ನೀಲಕ್ಕ ಇಬ್ರೂ ಸೇರಿ ನೋಡ್ಕೊಳ್ಳಲಿ."

ಗುಲಾಮ್ ರಸೂಲ್ ಈಗ ಹೊರಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಯೋಚನೆ ಮಾಡ್ಬೇಡಿ ಸರ್. ಅಲ್ಲಿ ಅಂಜಿನಮ್ಮ ಒಬ್ಬಳು, ನೀವೊಬ್ಬರು. ಅರ್ಧ ಹೆಂಗಸು, ಅರ್ಧ ಗಂಡಸು. ಡೈವರ್ಸಿಟೀಲಿ ಇಡೀ ಕಂಪನಿಗೇ ಫಸ್ಟು."

"ಸಾಹೇಬ್ರ, ರೊಟ್ಟಿ ಯಾಕ್ ಕೆಡಸ್ತೀರಿ, ತರ್ರಿ ಇಲ್ಲೆ," ಅಂದಳು ನೀಲಕ್ಕ. ಮೂಟೆ ಬಿಚ್ಚಿದರು, ಹಂಡೆ ತೆರೆದರು. ಮೂರೂ ಮೇಜು ಕೂಡಿಸಿ ಎಲ್ಲರೂ ಸುತ್ತ ನಿಂತರು. ವೀರಬಸಪ್ಪ ಒಂದೇ ಸಲಕ್ಕೆ ನಾಲ್ಕು ರೊಟ್ಟಿ ಎತ್ತಿಕೊಂಡ, ಕುಲ್ಸುಮ್ ಎಲ್ಲರಿಗೂ ಬಡಿಸಿದಳು. ಅಕ್ಷಯಾ ಇಂಥದ್ದೊಂದು ಫೋಟೊ ಹೆಡ್ ಆಫೀಸಿನ ಗೋಡೆಗೆ ಬೇಕೇ ಬೇಕು ಅಂದು ತಾನೂ ನಡುವೆ ಹೋಗಿ ನಿಂತಳು.

ವಿಶ್ವನಾಥನೂ ಅಂಗಿ ಸರಿಮಾಡಿಕೊಂಡು ಕೊನೆಯಲ್ಲಿ ನಿಲ್ಲಲು ಹೋದ.

"ಸರ್," ಅಂದಳು ರೆಹಾನಾ ತನ್ನ ಫೋನು ಚಾಚಿ, "ನೀವು ಚೆನ್ನಾಗಿ ತೆಗೀತೀರಲ್ಲ."

ಅವನು ಫೋನು ಇಸಿದುಕೊಂಡು ಹಿಂದೆ ಸರಿದು ನಿಂತ. ಈ ಸಲ ಯಾರಿಗೂ ನಗಿ ಅಂತ ಹೇಳಬೇಕಾಗಲಿಲ್ಲ.