ಬೆಟಗೇರಿಯ ಕಾರು ಚಾನೆಲ್

ಕೇಬಲ್ ಟೀವಿ ನಡೆಸುವವರ ಮನೆಯಲ್ಲಿ ವೈರು ಹರಿಯುವುದೂ ನಿಲ್ಲುವುದಿಲ್ಲ, ಜನ ನಗುವುದೂ ನಿಲ್ಲುವುದಿಲ್ಲ. ಅದರಲ್ಲೂ ನಾನು ಕಾರಿಗೆಂದೇ ಒಂದು ಚಾನೆಲ್ ಇಟ್ಟವಳು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಸಾಹೇಬರ ಕಾರುಗಳು ಓಡಾಡತೊಡಗಿದ ಮೇಲೆ ಸೈಕಲ್ಲಿನವನೂ ನಿಂತು ಕಾರು ನೋಡುತ್ತಿದ್ದ. ಬೆಟಗೇರಿಯಲ್ಲಿ ನನ್ನ ಕೇಬಲ್ ಇತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಗುಜರಿಯಿಂದ ತಂದ ಪುಸ್ತಕ ಓದಿಯೇ ಡಿಶ್ ಕೂಡಿಸಲು ಕಲಿತಿದ್ದೆ. ಅದೇ ಗುಜರಿಯಲ್ಲಿ ಕಾರಿನ ಪುಸ್ತಕಗಳೂ ಸಿಕ್ಕವು. ಖಾಲಿ ಬಿದ್ದಿದ್ದ ಒಂದು ಚಾನೆಲ್ಲಿನಲ್ಲಿ ಮಾರಾಟದ ಹಳೆಯ ಕಾರುಗಳನ್ನು ತೋರಿಸುತ್ತೇನೆ ಎಂದೆ.

ಕಂಬ ಹತ್ತಿ ವೈರು ಎಳೆಯುತ್ತಿದ್ದ ನನ್ನ ಮೈದುನನಿಗೆ ಅಲ್ಲಿ ಸಿನಿಮಾ ಹಾಡು ಹಾಕುವ ಆಸೆ. "ವೈನಿ, ಊರಾಗಿನ ಕಾರೆಲ್ಲಾ ತೋರಿಸಿದ್ರೂ ಒಂದ ಕಪ್ ಚಾ ಕುಡಿಯೂದ್ರಾಗ ಕಾರ್ಯಕ್ರಮ ಮುಗೀತೈತ್ರಿ," ಎಂದ.

"ದಸರಾದೊಳಗ ಒಂದ ಕಾರರೆ ಮಾರಿ ತೋರಸ್ತೇನಿ. ಇಲ್ಲಂದ್ರ ಚಾನೆಲ್ ನಿಂದು, ಹಗಲೂ ರಾತ್ರಿ ಕುಣಿಸು," ಎಂದೆ.

ಅವನು ಆಗಲೇ ಹಾಡಿನ ಕ್ಯಾಸೆಟ್ ಆರಿಸಲು ಕುಳಿತ.

ಕೆಳಗಿನ ಹಲ್ಲು

ಮೊದಲು ಬಂದದ್ದು ನಮ್ಮ ಓಣಿಯ ಹಲ್ಲಿನ ಡಾಕ್ಟರರ ಕಾರು. ಸಂಜೆ ಟೀವಿಯಲ್ಲಿ ತೋರಿಸಿದೆ. ಬೆಳಿಗ್ಗೆ ದವಾಖಾನೆಯ ಮುಂದೆ ಸಂತೆಯಷ್ಟು ಜನ. ಕಾರು ಕೊಳ್ಳಲು ಬಂದವರಲ್ಲ. ಡಾಕ್ಟರರು ಕಾರು ಮಾರುತ್ತಾರೆ ಎಂದರೆ ಊರು ಬಿಡುತ್ತಾರೆ ಎಂದೇ ಎಲ್ಲರ ತೀರ್ಮಾನ.

"ಹೊಸಾ ಕಾರ ತಗೋತೇನ್ರೀ, ಅದಕ್ಕ ಹಳೇದು ಮಾರಾಕತ್ತೇನಿ," ಎಂದು ಡಾಕ್ಟರರು ಆಣೆ ಹಾಕಿದರೂ ಯಾರೂ ನಂಬಲಿಲ್ಲ. ಕಳಸಾಪುರದ ಒಬ್ಬ ಅಜ್ಜಿ ಬಾಗಿಲಿಗೇ ಕುಳಿತುಬಿಟ್ಟಳು. "ಖರೆ ಹೇಳ್ರಿ. ಹೋಗೂದಿದ್ರ ಹೋಗ್ರಿ, ಯಾರ ಬ್ಯಾಡಂತಾರ? ಆದ್ರ ನನಗ ಮ್ಯಾಲಿನ ಹಲ್ಲಷ್ಟ ಕಟ್ಟೀರಿ. ಕೆಳಗಿನವು ಕಟ್ಟಿ ಹೋಗ್ರಿ. ಒಂದ ದವಡಿ ಇಟಗೊಂಡು ಖಡಕ್ ರೊಟ್ಟಿ ಹ್ಯಾಂಗ ತಿನ್ಲಿ?"

ಅಂದೇ ಸಂಜೆ ಡಾಕ್ಟರರು ನನ್ನ ಕ್ಯಾಮೆರಾದ ಮುಂದೆ ನಿಂತು, "ಕಾರ ಮಾರೂದಿಲ್ಲ, ಎಲ್ಲಾರ ಕೆಳಗಿನ ಹಲ್ಲೂ ಕಟ್ತೇನಿ," ಎಂದು ಕೈಮುಗಿದರು.

ಮಗ್ಗಕ್ಕೆ ಬ್ರೇಕು

ಕಾರು ಸಿಗುವ ತನಕ ಕಾರು ಕಲಿಸೋಣ ಎಂದು ಒಬ್ಬ ಡ್ರೈವಿಂಗ್ ಮಾಸ್ತರರನ್ನು ಕರೆಸಿದೆ. "ಕ್ಲಚ್ ಒತ್ರಿ... ಗೇರ್ ಹಾಕ್ರಿ... ಬ್ರೇಕ್!" ಎಂದು ಅವರು ಟೀವಿಯಲ್ಲಿ ಗುಡುಗಿದರು.

ಮರುದಿನ ಹಿಂದಿನ ಓಣಿಯ ನೇಕಾರರೊಬ್ಬರು ಒಂದು ಸೀರೆ ಹಿಡಿದು ಬಂದರು. "ಅಕ್ಕಾರ, ನಿಮ್ಮ ಮಾಸ್ತರನ ದೆಸಿಯಿಂದ ನನ್ನ ಸೆರಗ ಕೆಟ್ಟತ್ರಿ."

"ಅವರೇನು ನಿಮ್ಮ ಮಗ್ಗಕ್ಕ ಬಂದಿದ್ರೇನ್ರಿ?"

"ಮಗ್ಗದ ಮುಂದ ಟೀವಿ ಐತ್ರಿ. ನನ್ನ ಕಾಲಾಗೂ ತುಳಿಯೂ ಹಲಿಗಿ ಅದಾವು. ಅಂವ ಬ್ರೇಕ್ ಅಂದ, ನಾನೂ ಒತ್ತಿಬಿಟ್ಟೆ!"

ಸೆರಗಿನ ನಡುವೆ ಯಾರೂ ಕಂಡಿರದ ಒಂದು ನೇಯ್ಗೆ ಮೂಡಿತ್ತು. ಅವರ ಸಮಾಧಾನಕ್ಕೆ ಆ ಸೀರೆಯನ್ನೇ ಟೀವಿಯಲ್ಲಿ ತೋರಿಸಿದೆ. ದೀಪ ಹಚ್ಚುವ ಹೊತ್ತಿಗೆ ಹೊಸ ಡಿಸೈನ್ ಎಂದು ಹೆಂಗಸರು ಅದಕ್ಕಾಗಿ ಜಗಳವಾಡಿದರು, ಒಬ್ಬಳು ಕೊಂಡೇಬಿಟ್ಟಳು.

ಮೈದುನ ನನ್ನ ಮುಂದೆ ಬಂದು ಗಂಭೀರವಾಗಿ ಕೇಳಿದ: "ಮಾರಾಟ ಆತು ಖರೆ. ಸೀರಿಗೆ ಗಾಲಿ ಎಷ್ಟ ಇದ್ದೂರಿ ವೈನಿ?"

ಹಿಂದಿನದು

ದಸರಾ ಹತ್ತಿರ ಬಂತು. ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ಬಿಳಿ ಕಾರು ತಂದರು. ನಮ್ಮ ಅಂಗಳದಲ್ಲಿ ನಿಲ್ಲಿಸಿ ತೋರಿಸಿದೆ. ಫೋನು ಒಂದೇ ಸಮನೆ ಬಡಿದುಕೊಂಡಿತು.

"ಎಷ್ಟ ಹಾಲು ಕೊಡ್ತೈತ್ರಿ?"

"ಅದು ಕಾರ್ರೀ!"

"ಕಾರ ಇರ್ಲಿ ಬಿಡ್ರಿ. ಅದರ ಹಿಂದ ನಿಂತಿದ್ದು ಹೇಳ್ರಿ."

ಹಿಂದೆ ನೆರೆಮನೆಯ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಎಲ್ಲ ಫೋನೂ ಎಮ್ಮೆಗೇ. ಕಾರು ಕೇಳಿದವರು ಒಬ್ಬರೇ, ಬೀಗರ ಮನೆಗೆ ಬಂದಿದ್ದ ಶಿರಹಟ್ಟಿಯ ಜಮೀನುದಾರರು. ಅವರೂ ಮೊದಲು ಕೇಳಿದ್ದು, "ಎಮ್ಮಿ ಸಹಿತ ಏನ್ರಿ?"

ಟವೆಲ್ಲು

ನಾಳೆ ಆಯುಧಪೂಜೆ. ಇಬ್ಬರನ್ನೂ ಕ್ಯಾಮೆರಾದ ಮುಂದೆ ಕೂಡಿಸಿದೆ. ಬೆಲೆ ಮಾತ್ರ ಯಾರ ಬಾಯಿಂದಲೂ ಬರಲೊಲ್ಲದು.

"ಹೆಚ್ಚ ಹೇಳಿದ್ರ ಆಸಿಬುರುಕ ಅಂತಾರ, ಕಮ್ಮಿ ಹೇಳಿದ್ರ ದಿವಾಳಿ ಅಂತಾರ," ಎಂದರು ವ್ಯಾಪಾರಿ.

"ನಾ ಬಾಯಿ ಬಿಟ್ರ ನಾಳೆ ತಮ್ಮಗೋಳು ಪಾಲು ಕೇಳ್ತಾರ," ಎಂದರು ಜಮೀನುದಾರರು.

ಮೈದುನ ಕ್ಯಾಸೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ನಾನೇನು ಸೋಲುವವಳೇ? ಮುಂಡರಗಿಯ ದನದ ದಲ್ಲಾಳಿಯನ್ನು ಕರೆಸಿದೆ. ಆತ ಇಬ್ಬರ ಕೈ ಕೂಡಿಸಿ ಮೇಲೆ ತನ್ನ ಟವೆಲ್ಲು ಹೊದಿಸಿದ. ದನದ ಸಂತೆಯಲ್ಲಿ ಹೀಗೇ ಅಲ್ಲವೇ? ಬೆರಳು ಹಿಡಿದೇ ಬೆಲೆ ಕಟ್ಟುತ್ತಾರೆ, ಪಕ್ಕದಲ್ಲಿ ನಿಂತವನಿಗೂ ಖಬರಿರುವುದಿಲ್ಲ.

ಟೀವಿಯಲ್ಲಿ ಕಂಡದ್ದು ಒಂದು ಟವೆಲ್ಲು, ಎರಡು ಮುಖ. ವ್ಯಾಪಾರಿಯ ಹುಬ್ಬು ಏರಿತು. ಜಮೀನುದಾರರ ಮೀಸೆ ಇಳಿಯಿತು. ಟವೆಲ್ಲು ಮೀನು ಸಿಕ್ಕ ಬಲೆಯಂತೆ ಒದ್ದಾಡಿತು. ಓಣಿಗಳು ಖಾಲಿಯಾದವು. ಒಬ್ಬರು ಫೋನು ಮಾಡಿ, "ಕ್ಯಾಮೆರಾ ಟವೆಲ್ಲಿನೊಳಗ ಹಾಕ್ರೀ!" ಎಂದು ಕೂಗಿದರು.

"ಆತು!" ಎಂದು ದಲ್ಲಾಳಿ ಟವೆಲ್ಲು ಎಳೆದ. ಕಾರು ಮಾರಾಟವಾಗಿತ್ತು. ಚಾನೆಲ್ ನನ್ನದಾಗಿಯೇ ಉಳಿಯಿತು.

ಮೈದುನನಿಗೆ ಸೋತದ್ದಕ್ಕಿಂತ ಬೆಲೆ ಗೊತ್ತಾಗದ್ದೇ ಸಂಕಟ. "ಎಷ್ಟಕ್ಕ ಹೋತ್ರಿ ವೈನಿ?"

ನನಗೆಲ್ಲಿ ಗೊತ್ತು? "ಕೈ ತಾ," ಎಂದು ಸೆರಗಿನ ಕೆಳಗೆ ಅವನ ಐದೂ ಬೆರಳು ಸೇರಿಸಿ ಸೇಡು ತೀರುವಂತೆ ಹಿಂಡಿದೆ.

"ಅಬಾಬಾ! ಇಷ್ಟಕ್ಕ?" ಎಂದವನು ಹತ್ತಿದ ಕಂಬದಿಂದೆಲ್ಲ ಆ ಬೆಲೆ ಸಾರಿದ.

ಮರುದಿನ ಬೆಳಿಗ್ಗೆ ಜಮೀನುದಾರರು ಹೂವಿನ ಹಾರ ಹಾಕಿದ ಕಾರು ತಂದು ನಮ್ಮ ಬಾಗಿಲಿಗೇ ನಿಲ್ಲಿಸಿದರು. ಜಗಳಕ್ಕೇ ಬಂದರು ಎಂದು ನಾನೂ ಸೆರಗು ಕಟ್ಟಿದೆ.

"ಅಕ್ಕಾರ, ಈ ಕಾರ ಊರೆಲ್ಲಾ ಅನ್ನೂವಷ್ಟ ಬೆಲಿ ಬಾಳತೈತಂತ ನಿನ್ನಿ ನನಗ ಗೊತ್ತ ಇರಲಿಲ್ರಿ," ಎಂದರು ಮೆಲ್ಲಗೆ. "ಇವತ್ತ ಜಲ್ದಿ ಟೀವಿಯೊಳಗ ಹಾಕಿಬಿಡ್ರಿ. ಟವೆಲ್ ನಾನ ತಂದೇನಿ."