ನಾನು ಹೊಗಳಿದ ಒಡವೆಗಳು

ನಮ್ಮ ಮನೆತನದವರು ಮಂಗಳೂರಿನ ಕುಲಶೇಖರದಲ್ಲಿ ನಾಲ್ಕು ತಲೆಮಾರಿನಿಂದ ಇದ್ದಾರೆ. ಮುತ್ತಜ್ಜ ಶಾಲೆಗೆ ಜಾಗ ಕೊಟ್ಟವರು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದೂ ಯಾರಿಂದಲೂ ಒಂದು ಹಲಸಿನಹಣ್ಣನ್ನು ಪುಕ್ಕಟೆ ತೆಗೆದುಕೊಂಡವರಲ್ಲ. ಇಬ್ಬರು ಸೋದರತ್ತೆಯರು ಕನ್ಯಾಸ್ತ್ರೀಯರಾದರು. ಅಜ್ಜಿಗಂತೂ ಒಡವೆಯ ಗುಣ ಎಷ್ಟು ತಿಳಿದಿತ್ತೆಂದರೆ, ಊರಿನ ಅಕ್ಕಸಾಲಿಗ ಮದುವೆಯ ಕೆಲಸ ಮುಗಿಸಿದರೆ ಅದನ್ನು ಗಿರಾಕಿಗೆ ಕೊಡುವ ಮೊದಲು ನಮ್ಮ ಜಗಲಿಗೆ ತಂದು ತೋರಿಸುತ್ತಿದ್ದ. ಅಜ್ಜಿ ಬೆಳಕಿಗೆ ಹಿಡಿದು ನೋಡಿ ಚೆನ್ನಾಗಿದೆ ಅಂದರೆ ಚೆನ್ನಾಗಿದೆ. ಅವರು ಹೊಗಳಿದ್ದರಿಂದ ಒಂದು ಮೂಗುತಿಯೂ ಮುರಿದದ್ದಿಲ್ಲ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಹೊಗಳುವುದಿದ್ದರೆ ಎದುರು ನಿಂತು, ಸರಿಯಾಗಿ ನೋಡಿ, ಪೂರ್ತಿ ವಾಕ್ಯದಲ್ಲಿ ಹೊಗಳಬೇಕೆಂದು ಸಿಸ್ಟರುಗಳು ನಮಗೆ ಹೇಳಿಕೊಟ್ಟಿದ್ದಾರೆ. ಒಳ್ಳೆಯ ಒಡವೆ ಕಂಡಾಗ ನಾನು ಹಾಗೆಯೇ ಮಾಡುತ್ತೇನೆ, ಮಾಡಿದಾಗಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ತಪ್ಪು ಒಡವೆ ಮಾಡಿದವರದು. ಆದರೆ ನನ್ನ ಕಣ್ಣು ತಾಗುತ್ತದೆ ಎಂಬ ಮಾತು ಬೀದಿಯಿಂದ ಇಗರ್ಜಿಗೆ, ಇಗರ್ಜಿಯಿಂದ ನೆಂಟರ ಮನೆಗಳಿಗೆ ಹಬ್ಬಿತು. ಕೊನೆಗೆ ನನ್ನ ಸ್ವಂತ ತಮ್ಮನ ಮಗಳ ಮದುವೆಯಲ್ಲಿ ಮದುಮಗಳನ್ನು ಸಿಂಗರಿಸುವ ನನ್ನ ಹಕ್ಕಿಗೇ ಕುತ್ತು ಬಂತು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನವಿಲು

ನಮ್ಮ ಪಕ್ಕದ ಮನೆಯವರು ಬೋಳಾರದಿಂದ ಬಂದ ಮೊಗವೀರರು. ಮೀನು ಹಿಡಿಯುವ ಸ್ವಂತ ಬೋಟು ಉಂಟು, ಒಳ್ಳೆಯ ಜನ. ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಾರೆ. ಮನೆಗೆ ಹೊಸದಾಗಿ ಬಂದ ಸೊಸೆ ಒಂದು ದಿನ ನೆಂಟರ ಮದುವೆ ಮುಗಿಸಿ ಬಂದವಳು ತನ್ನ ಜಡೆಬಿಲ್ಲೆ ತೋರಿಸಲು ನನ್ನನ್ನು ಹಿತ್ತಿಲಿಗೆ ಕರೆದಳು. ಅತ್ತೆ ಅಲ್ಲೇ ಕೂತು ಬಂಗುಡೆ ಮೀನು ತೊಳೆಯುತ್ತಿದ್ದರು.

ಚಿನ್ನದ ನವಿಲು, ಮೈತುಂಬ ಕೆಂಪು ಹರಳು. "ಈ ನವಿಲಿನ ಕತ್ತು ಬಾಗಿದ ರೀತಿ ಬಹಳ ಸೊಗಸಾಗಿದೆ, ಮತ್ತು ಗರಿಯ ಹರಳುಗಳೆಲ್ಲ..." ಎನ್ನುವಷ್ಟರಲ್ಲಿ ಕೊಂಡಿ ಬಿಚ್ಚಿ ನವಿಲು ಬಂಗುಡೆಯ ಬಾಲ್ದಿಗೆ ಬಿತ್ತು.

"ಕೊಂಡಿಯ ತಂತಿ ತೆಳುವಾಗಿದೆ" ಅಂದೆ.

"ಅಲ್ಲ ಬಾಯಮ್ಮ, ಅವಳು ಮದುವೆ ಹಾಲಿನಲ್ಲಿ ಇಡೀ ದಿನ ಕುಣಿದಿದ್ದಾಳೆ. ಆಗ ಬೀಳಲಿಲ್ಲ ಅಲ್ವಾ?" ಅಂದರು ಅತ್ತೆ. ಕೈ ತೊಳೆದು ಒಳಗಿಂದ ಉಪ್ಪು, ಒಣಮೆಣಸು ತಂದು ಸೊಸೆಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂದರೆ ಏನೂ ಇಲ್ಲ, ಬರದಿದ್ದರೆ ಕಣ್ಣು ತಾಗಿದೆ ಎಂದು ಅವರ ಲೆಕ್ಕ. ಘಾಟು ಬರಲಿಲ್ಲ.

"ಅದು ಬ್ಯಾಡಗಿ ಮೆಣಸು. ಬಣ್ಣಕ್ಕೆ ಹಾಕುವಂಥದ್ದು, ಖಾರ ಕಡಿಮೆ. ನೋಡಿ, ಎಷ್ಟು ಒಳ್ಳೆಯ ಕೆಂಪು ಉಂಟು" ಎಂದು ಉಳಿದ ಮೆಣಸನ್ನು ತೋರಿಸಿದೆ.

ಅತ್ತೆ ಮೆಣಸಿನ ಡಬ್ಬಿಯನ್ನು ಮೆಲ್ಲನೆ ಸೆರಗಿನೊಳಗೆ ಇಟ್ಟುಕೊಂಡರು. "ಇದು ವರ್ಷಕ್ಕೆ ಬೇಕು ಬಾಯಮ್ಮ" ಅಂದರು.

ರಸ್ತೆಗೆ ಮುಖ ಮಾಡಿದ ಕುರ್ಚಿ

ಪೇಟೆಗೆ ಹೋದಾಗ ಒಂದು ಒಡವೆ ಅಂಗಡಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುವುದು ನನ್ನ ರೂಢಿ. ಕೊಳ್ಳುವುದು ಅಪರೂಪ. ನಾನು ಹೊಗಳಿದ್ದನ್ನು ಬೇರೆ ಗಿರಾಕಿಗಳು ಕೇಳಿ ಕೊಳ್ಳುತ್ತಿದ್ದುದರಿಂದ ಸೇಲ್ಸ್‌ಮನ್‌ಗೆ ನನ್ನ ಮೇಲೆ ಗೌರವ ಇತ್ತು. ನಾನು ಬಂದ ಕೂಡಲೇ ಚಹಾ ಬರುತ್ತಿತ್ತು.

ಒಮ್ಮೆ ದುಬಾಯಿಯಿಂದ ಬಂದ ಗಂಡಹೆಂಡತಿ ಗಾಜಿನ ಕಪಾಟಿನಲ್ಲಿದ್ದ ಪಚ್ಚೆಯ ಹಾರವನ್ನು ನೋಡುತ್ತಿದ್ದರು. ಹೆಂಡತಿಗೆ ಮನಸ್ಸು, ಗಂಡನಿಗೆ ಅನುಮಾನ. ನಾನು ಸಹಾಯ ಮಾಡಿದೆ. "ಇಂಥ ಪಚ್ಚೆ ನಾನು ಹಲವು ವರ್ಷಗಳಿಂದ ನೋಡಿಲ್ಲ. ಮಳೆ ನಿಂತ ಮೇಲಿನ ಬಾಳೆಎಲೆಯ ಬಣ್ಣ" ಅಂದೆ. ಗಂಡ ಒಪ್ಪಿದರು. ಕಪಾಟಿನ ಬೀಗ ಒಪ್ಪಲಿಲ್ಲ. ಕೀಲಿ ಒಳಗೇ ಸಿಕ್ಕಿಕೊಂಡಿತು. ಮಾಲಿಕರು ಬಂದರು, ಎಣ್ಣೆ ಬಿಟ್ಟರು, ಸುತ್ತಿಗೆಯೂ ಬಂತು. ಗಂಡ ಗಡಿಯಾರ ನೋಡಿದರು. "ದೇವರೇ ಬೇಡ ಅಂತಿದ್ದಾನೆ, ಬಾ" ಎಂದು ಹೆಂಡತಿಯನ್ನು ಕರೆದುಕೊಂಡು ಹೋದರು.

ಮುಂದಿನ ಸಲ ಹೋದಾಗಲೂ ಚಹಾ ಬಂತು. ಆದರೆ ಕುರ್ಚಿ ರಸ್ತೆಯ ಕಡೆಗೆ ತಿರುಗಿತ್ತು. ಸೇಲ್ಸ್‌ಮನ್ ಒಂದು ತಟ್ಟೆಯಲ್ಲಿ ಹಳೆಯ ಬೆಳ್ಳಿ ಕಾಲುಂಗುರಗಳನ್ನು ತಂದಿಟ್ಟ. "ಅಮ್ಮ, ಹೊಗಳುವುದಿದ್ದರೆ ಇದನ್ನು ಹೊಗಳಿ. ಹಳೆ ಸ್ಟಾಕ್. ಹೋದರೆ ಹೋಗ್ಲಿ" ಅಂದ.

ನಾನು ರಸ್ತೆಯನ್ನೇ ನೋಡುತ್ತ ಚಹಾ ಕುಡಿದೆ. ಎದುರಿಗೆ ಒಂದು ಹೊಸ ನೀಲಿ ಕಾರು ನಿಂತಿತ್ತು, ಬಹಳ ಚೆಂದದ್ದು. ನಾನು ಏನೂ ಹೇಳಲಿಲ್ಲ.

ಸೆರಗು

ನಮ್ಮ ಇಗರ್ಜಿಯಲ್ಲಿ ಹೆಂಗಸರು ತಲೆಗೆ ಸೆರಗು ಹೊದೆಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈಗ ತುರುಬಿಗೆ ಮುತ್ತಿನ ಪಿನ್ನು, ಕಲ್ಲಿನ ಕ್ಲಿಪ್ಪು, ಬೆಳ್ಳಿಯ ಚಿಟ್ಟೆ. ಪೂಜೆಯಲ್ಲಿ ಹಿಂದೆ ಕೂತವರಿಗೆ ಅದು ಕಾಣದೆ ಇರುವುದು ಹೇಗೆ? ಪೂಜೆ ಮುಗಿದ ಮೇಲೆ ನಾನು ಒಬ್ಬೊಬ್ಬರಿಗೂ ಒಂದೊಂದು ಒಳ್ಳೆಯ ಮಾತು ಹೇಳುತ್ತಿದ್ದೆ.

ಜಡೆಬಿಲ್ಲೆಯ ಸುದ್ದಿ ಇಗರ್ಜಿಗೆ ತಲುಪಿದ ಮೇಲಿನ ಭಾನುವಾರ ನಾನು ಬಂದು ಕೂತೆ. ನನ್ನ ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅದರ ಮುಂದಿನ ಸಾಲಿನವರೂ ಎಳೆದುಕೊಂಡರು. ಚೂಡಿದಾರದವರು ಶಾಲು ಹೊದ್ದರು.

ಪಾದ್ರಿಗಳು ಹೊಸಬರು. ಪ್ರಸಂಗದಲ್ಲಿ ಅವರಿಗೆ ಸಂತೋಷ ತಡೆಯಲಾಗಲಿಲ್ಲ. "ನಮ್ಮ ಅಜ್ಜಿಯಂದಿರ ಭಕ್ತಿಯನ್ನು ಮತ್ತೆ ನೋಡುತ್ತಿದ್ದೇನೆ" ಅಂದರು. ಆಮೇಲೆ ನನ್ನ ಹಿಂದಿನ ಸಾಲುಗಳನ್ನು ದುಃಖದಿಂದ ನೋಡಿ, "ಈ ಭಕ್ತಿ ಇಗರ್ಜಿಯ ನಡುವಿನ ತನಕ ಬಂದು ಅಲ್ಲೇ ಯಾಕೆ ನಿಂತಿತು?" ಎಂದು ಕೇಳಿದರು.

ಬೆರಳು

ಪಕ್ಕದ ಮನೆಯ ಅತ್ತೆಗೆ ಕಣಜ ಕಚ್ಚಿ ಬೆರಳು ಊದಿತು. ಆ ಬೆರಳಿನಲ್ಲಿ ಒಂದು ಕೆಂಪಿನ ಉಂಗುರ. ಮೊದಲ ಬೋಟು ಕೊಂಡಾಗ ಅವರ ಯಜಮಾನರು ಹಾಕಿದ್ದು. ಯಜಮಾನರು ಈಗಿಲ್ಲ. ಸಾಬೂನು ಹಚ್ಚಿದರು, ನೂಲು ಸುತ್ತಿದರು, ತೆಂಗಿನೆಣ್ಣೆ ಸುರಿದರು. ಉಂಗುರ ಕದಲಲಿಲ್ಲ. ಕತ್ತರಿಸಬೇಕು ಎಂದ ಮಗ. "ಬೆರಳು ಬೇಕಾದರೆ ಕತ್ತರಿಸು, ಉಂಗುರ ಮುಟ್ಟಬೇಡ" ಅಂದರು ತಾಯಿ.

ಸೊಸೆ ನಮ್ಮ ಗೇಟಿಗೆ ಬಂದಳು. "ಬಾಯಮ್ಮ, ಒಮ್ಮೆ ಬಂದು ಹೊಗಳ್ತೀರಾ?"

ನಾನು ಮರ್ಯಾದಸ್ಥ ಮನೆತನದವಳು, ಮಂತ್ರವಾದಿಯಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಹೇಳಿದೆ. ಆದರೆ ನೋವಿನಲ್ಲಿರುವ ನೆರೆಯವರನ್ನು ನೋಡಲು ಹೋಗದಿರುವುದು ಸರಿಯಲ್ಲವೆಂದು ಹೋದೆ.

"ಬನ್ನಿ ಬನ್ನಿ," ಅತ್ತೆ ಕೈ ಚಾಚಿದರು, "ನಿಮ್ಮ ಮಾಮೂಲಿನ ಹಾಗೆ ಹೇಳಿ ಮಾರಾಯ್ರೆ. ಕಡಿಮೆ ಮಾಡಬೇಡಿ."

ಸುಮ್ಮನಿರಬೇಕೆಂದಿದ್ದೆ. ಆದರೆ ಕಲ್ಲು ನಿಜವಾಗಿಯೂ ಒಳ್ಳೆಯದಿತ್ತು. "ದಾಳಿಂಬೆ ಬೀಜದ ಬಣ್ಣ. ಒಳಗೆ ಒಂದು ಗೆರೆಯೂ ಇಲ್ಲ. ನಿಮ್ಮ ಯಜಮಾನರಿಗೆ ಬೋಟು ಮಾತ್ರವಲ್ಲ, ಕೆಂಪೂ ಗೊತ್ತಿತ್ತು" ಅಂದೆ. ಅತ್ತೆಯ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಲು ಕೈ ಎತ್ತಿದರು. ಉಂಗುರ ಜಾರಿ ಮಡಿಲಿಗೆ ಬಿತ್ತು.

ಎಣ್ಣೆ ತಡವಾಗಿ ಕೆಲಸ ಮಾಡಿತು ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಮರುದಿನ ಮನೆಗೆ ದೊಡ್ಡ ಮಾಂಜಿ ಮೀನು ಬಂತು. ಅದರ ಹಿಂದೆಯೇ ಆಚೆ ಬೀದಿಯವರೊಬ್ಬರು ಕಿಡ್ನಿಯ ಕಲ್ಲಿನ ಸ್ಕ್ಯಾನ್ ಹಿಡಿದುಕೊಂಡು ಬಂದು, ಸ್ವಲ್ಪ ಹೊಗಳಬೇಕೆಂದು ಕೇಳಿಕೊಂಡರು. ಬೆಳಕಿಗೆ ಹಿಡಿದು ನೋಡಿದೆ. ಹೊಗಳುವಂಥದ್ದು ಏನೂ ಇರಲಿಲ್ಲ. ಹಾಗೆಯೇ ಹೇಳಿ ಕಳುಹಿಸಿದೆ.

ದಾಂತೊಣಿ

ದಾಂತೊಣಿ ಎಂದರೆ ನಮ್ಮವರಲ್ಲಿ ಮದುಮಗಳ ತುರುಬಿಗೆ ಸಿಕ್ಕಿಸುವ ಚಿನ್ನದ ಬಾಚಣಿಗೆ. ನಮ್ಮ ಮನೆಯಲ್ಲಿ ಅದನ್ನು ಸಿಕ್ಕಿಸುವುದು ಮನೆಯ ಹಿರಿಯ ಹೆಂಗಸು. ಈಗ ಹಿರಿಯಳು ನಾನು.

ಮದುವೆಯ ಹಿಂದಿನ ವಾರ ಶಕ್ತಿನಗರದಿಂದ ತಮ್ಮನ ಹೆಂಡತಿ ಫೋನ್ ಮಾಡಿದಳು. "ಅಕ್ಕ, ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೆ ಜನ ಮಾತಾಡ್ತಾರೆ. ಕಣ್ಣಿನ ಆಪರೇಷನ್ ಆಗಿದೆ ಅಂತ ಹೇಳಿ ಒಂದು ಕಪ್ಪು ಕನ್ನಡಕ ಹಾಕಿಕೊಂಡು ಬರ್ತೀರಾ?"

"ಆಗದ ಆಪರೇಷನ್ ಆಗಿದೆ ಎಂದು ನಾನು ಹೇಳುವುದಿಲ್ಲ" ಅಂದೆ.

"ಹಾಗಾದರೆ ಸಿಕ್ಕಿಸುವಾಗ ದಾಂತೊಣಿಗೆ ಸ್ವಲ್ಪ ಬೈದುಬಿಡಿ. ಎಂತ ಇದು, ಚೆಂದ ಇಲ್ಲ ಅಂತ. ಅಷ್ಟು ಸಾಕು."

ಅಜ್ಜಿಯ ದಾಂತೊಣಿಗೆ ನಾನು ಬೈಯಬೇಕಂತೆ. ಫೋನ್ ಇಟ್ಟೆ.

ಮದುವೆಯ ಬೆಳಿಗ್ಗೆ ಕೋಣೆಯಲ್ಲಿದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ನಾನು ಬೈಯಲಿಲ್ಲ, ಹೊಗಳಲಿಲ್ಲ, ತುಟಿ ತೆರೆಯಲಿಲ್ಲ. ದಾಂತೊಣಿಯನ್ನು ಭದ್ರವಾಗಿ ಸಿಕ್ಕಿಸಿದೆ. ಇಗರ್ಜಿಯಲ್ಲಿ ಹುಡುಗಿ ಮೊಣಕಾಲೂರಿದಳು, ಎದ್ದಳು, ಮತ್ತೆ ಮೊಣಕಾಲೂರಿದಳು. ದಾಂತೊಣಿ ಅಲುಗಲಿಲ್ಲ.

ಮದುವೆ ಹಾಲಿನಲ್ಲಿ ನನ್ನನ್ನು ಒಂದು ಕಂಬದ ಹಿಂದೆ ಕೂರಿಸಿದ್ದರು. ಅಲ್ಲಿಂದ ವೇದಿಕೆ ಕಾಣದು. ಕಾಣುತ್ತಿದ್ದದ್ದು ಐಸ್‌ಕ್ರೀಮಿನ ಕೌಂಟರ್. ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಮುಗಿದ ಮೇಲೆ, ಎಲ್ಲವೂ ಸುಸೂತ್ರವಾಯಿತೆಂಬ ಧೈರ್ಯದಲ್ಲಿ ತಮ್ಮನ ಹೆಂಡತಿ ಮೈಕ್ ತೆಗೆದುಕೊಂಡಳು. "ನಮ್ಮ ಮನೆಯ ದಾಂತೊಣಿ ಎಲ್ಲರೂ ನೋಡಬೇಕು. ಇಂಥ ಚೆಂದದ ಕೆಲಸ ಇಡೀ ಮಂಗಳೂರಿನಲ್ಲಿ ಇಲ್ಲ. ತಿರುಗು ಮಗ, ಬಗ್ಗು ಸ್ವಲ್ಪ" ಅಂದಳು.

ಹುಡುಗಿ ತಿರುಗಿದಳು, ಬಗ್ಗಿದಳು. ದಾಂತೊಣಿ ಕಳಚಿ, ಹಲ್ಲು ಕೆಳಗಾಗಿ, ಪಕ್ಕದ ಮೇಜಿನ ಮೇಲಿದ್ದ ಮದುವೆಯ ಕೇಕಿನಲ್ಲಿ ನೆಟ್ಟಗೆ ನಾಟಿಕೊಂಡಿತು. ಇದನ್ನು ನಾನು ನೋಡಿದ್ದಲ್ಲ, ಆಮೇಲೆ ಕೇಳಿದ್ದು. ನಾನು ನೋಡಿದ್ದು ಇಡೀ ಹಾಲಿನ ಜನ ಕುರ್ಚಿಯಿಂದ ಬಾಗಿ, ಕಂಬದ ಆಚೆ ಈಚೆ ಕತ್ತು ಚಾಚಿ ನನ್ನನ್ನು ಹುಡುಕಿದ್ದು.

"ಮಮ್ಮಿ, ಹೊಗಳಿದ್ದು ನೀವು" ಎಂದಳು ಹುಡುಗಿ. ನನ್ನ ತಮ್ಮನ ರಕ್ತ, ನ್ಯಾಯ ಗೊತ್ತು.

ಆದರೆ ತಮ್ಮನ ಹೆಂಡತಿ, ಮೈಕ್ ಇನ್ನೂ ಬಾಯಿಯ ಹತ್ತಿರವೇ ಇರುವುದನ್ನು ಮರೆತು, ಕಂಬದ ಕಡೆಗೆ ತಿರುಗಿ ಕೇಳಿದಳು: "ಅಕ್ಕ, ಅಲ್ಲಿ ಕೂತು ಮನಸ್ಸಿನಲ್ಲಿ ಹೊಗಳಿದಿರಾ?"

ಅದನ್ನು ಅಡುಗೆಯವರ ಸಮೇತ ಎಲ್ಲರೂ ಕೇಳಿದ್ದಾರೆ. ನಾನು ಆಗ ಐಸ್‌ಕ್ರೀಮ್ ತಿನ್ನುತ್ತಿದ್ದೆ, ಅದು ಹೊಗಳುವಷ್ಟೇನೂ ಇರಲಿಲ್ಲ. ಮೈಕಿನಲ್ಲಿ ಆಡಿದ ಮಾತಿಗೆ ಮನೆಗೆ ಬಂದು ಕಿವಿಯಲ್ಲಿ ಸಮಾಧಾನ ಹೇಳಿದರೆ ಸಾಲದು. ಅವಳು ಮೈಕಿನಲ್ಲೇ ಕ್ಷಮೆ ಕೇಳಬೇಕು.