ಟ್ಯಾಂಕ್ ಖಾಲಿ ಮಾಡಿ ತನ್ನಿ

ಪೆಟ್ರೋಲ್ ಮಿಷನು ರಿಪೇರಿ ಮಾಡುವವನ ಹಣೆಯಲ್ಲಿ ನೆಮ್ಮದಿ ಬರೆದಿಲ್ಲ, ಮಾರಾಯ್ರೆ. ಎಂಜಿನ್ ಹಾಳಾದರೆ ಸರಿ ಮಾಡಬಹುದು, ಅದನ್ನು ತರುವವರನ್ನು ಎಂತ ಮಾಡುವುದು? ಮಧೂರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ಹುಲ್ಲು ಕತ್ತರಿಸುವ ಮಿಷನು, ತೋಟಕ್ಕೆ ಮದ್ದು ಬಿಡುವ ಪಂಪು, ಮರ ಕೊಯ್ಯುವ ಗರಗಸ, ಎಲ್ಲ ಬರುತ್ತದೆ. ಮೇಲಿನ ಮಾಳಿಗೆಯಲ್ಲಿ ಕಟ್ಟಡದ ಯಜಮಾನಿ ಅಕ್ಕ ಇರುವುದು. ಅವರ ಮೂಗು ಅಂದರೆ ಮೂಗು! ಕೆಳಗೆ ನಾನು ಟ್ಯಾಂಕಿನ ಮುಚ್ಚಳ ತೆರೆದರೆ ಮೇಲೆ ಅವರಿಗೆ ತಲೆನೋವು.

"ಇನ್ನೊಂದು ಸಲ ಪೆಟ್ರೋಲ್ ವಾಸನೆ ಮೇಲೆ ಬಂದರೆ ನೀನು ಅಂಗಡಿ ಬಿಡಬೇಕು" ಎಂದುಬಿಟ್ಟರು.

ಬಿಟ್ಟು ಎಲ್ಲಿಗೆ ಹೋಗುವುದು? ನನ್ನ ಗಿರಾಕಿಗಳೆಲ್ಲ ಇದೇ ದಾರಿಯವರು. ಅಂದಿನಿಂದ ನನ್ನದು ಒಂದೇ ಮಂತ್ರ: "ಟ್ಯಾಂಕ್ ಖಾಲಿ ಮಾಡಿ ತನ್ನಿ. ಮನೆಯಲ್ಲಿ ಇಡುವಾಗಲೂ ಖಾಲಿ ಮಾಡಿಯೇ ಇಡಿ."

ಚೀಲದೊಳಗಿನ ಬಾಟ್ಲಿ

ಮಂಜೇಶ್ವರದ ಒಬ್ಬರು ಮದ್ದು ಬಿಡುವ ಪಂಪನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿಗೆ ಹತ್ತಿದರಂತೆ. ಸ್ವಲ್ಪ ದೂರ ಹೋದದ್ದೇ ಕಂಡಕ್ಟರ್ ಮೂಗು ಅರಳಿಸಿದ. "ಎಂತ ಅದು ವಾಸನೆ?"

"ಟ್ಯಾಂಕಿನಲ್ಲಿ ಒಂದು ಹನಿ ಇಲ್ಲ, ಬೇಕಾದರೆ ಬಗ್ಗಿಸಿ ನೋಡಿ" ಎಂದು ಇವರು ಆಣೆ ಹಾಕಿದರು. ಬಗ್ಗಿಸಿ ನೋಡಿದರೆ ನಿಜವಾಗಿಯೂ ಇಲ್ಲ. ಆದರೆ ಆ ಪೆಟ್ರೋಲ್ ಅಷ್ಟೂ ಸೋಡಾ ಬಾಟ್ಲಿಯಲ್ಲಿ, ಬಾಟ್ಲಿ ಕೈಚೀಲದಲ್ಲಿ, ಬುತ್ತಿಯ ಪಕ್ಕದಲ್ಲಿ! ಕಂಡಕ್ಟರ್ ಅವರನ್ನು ಅಲ್ಲೇ ಇಳಿಸಿದ. ಉಳಿದ ದಾರಿಯನ್ನು ಬಿಸಿಲಲ್ಲಿ ನಡೆದು, ಬೆವರಿಳಿಸಿಕೊಂಡು ಅಂಗಡಿಗೆ ಬಂದರು. ಪಾಪ, ಬೈಯಲು ಮನಸ್ಸು ಬರಲಿಲ್ಲ. ನೀರು ಕೊಟ್ಟು, "ಬಸ್ಸಿನಲ್ಲಿ ಪೆಟ್ರೋಲ್ ತರುವುದಾ?" ಎಂದೆ.

"ನೀವು ಟ್ಯಾಂಕ್ ಖಾಲಿ ಇರಬೇಕು ಅಂದದ್ದು. ಚೀಲ ಖಾಲಿ ಇರಬೇಕು ಅಂತ ಹೇಳಿದ್ದೀರಾ?"

ಬೆಚ್ಚಗಿನ ಜಾಗ

ಮಳೆಗಾಲ ಮುಗಿದ ಮೇಲೆ ಒಬ್ಬರು ಭಟ್ರ ಫೋನು: "ಹುಲ್ಲಿನ ಮಿಷನು ಸ್ಟಾರ್ಟ್ ಆಗುವುದೇ ಇಲ್ಲ ಮಾರಾಯ, ಬಂದು ನೋಡು." ಹೋದೆ. "ಮಳೆಗೆ ಎಲ್ಲಿ ಇಟ್ಟಿದ್ದಿರಿ?" ಎಂದು ಕೇಳಿದರೆ ಹೆಮ್ಮೆಯಿಂದ ಅಡುಗೆಮನೆಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದರು. ಸೌದೆ ಒಲೆಯ ನೇರ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಪಕ್ಕ, ಮಿಷನು ಮಲಗಿದೆ. ಟ್ಯಾಂಕ್ ಅರ್ಧ ತುಂಬಿದೆ. ಕೆಳಗೆ ಒಲೆ ಧಗಧಗ!

"ಅಯ್ಯೋ ದೇವರೇ! ಮೊದಲು ಒಲೆ ಆರಿಸಿ!" ಎಂದು ಕೂಗಿದೆ.

ಭಟ್ರು ಗಡಬಡಿಸಿ ಒಲೆಗೆ ನೀರು ಸುರಿದರು. "ಥಂಡಿ ಹಿಡಿಯಬಾರದು ಅಂತ ಇಟ್ಟದ್ದು" ಎಂದರು, ಮಗುವಿನ ಬಗ್ಗೆ ಹೇಳಿದ ಹಾಗೆ. ಇಬ್ಬರೂ ಸೇರಿ ಮೆಲ್ಲನೆ ಇಳಿಸಿ ಅಂಗಳಕ್ಕೆ ತಂದೆವು. ಆಗ ಅವರ ಹೆಂಡತಿ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಹಪ್ಪಳಕ್ಕೆ ಪೆಟ್ರೋಲ್ ವಾಸನೆ ಅಂತ ನಾನು ಮಳೆಗಾಲ ಇಡೀ ಹೇಳಿದೆ. ಇವರು ಹೊಸ ಅಂಗಡಿಯ ಉದ್ದು ಹಾಗೆ ಅಂದರು!"

ಆಯುಧ ಪೂಜೆ

ಆಯುಧ ಪೂಜೆಗೆ ನಾನು ಮಿಷನುಗಳನ್ನೆಲ್ಲ ಖಾಲಿ ಮಾಡಿ, ಜಗಲಿಯಲ್ಲಿ ಸಾಲಾಗಿ ಇಟ್ಟು ಗಂಧ ಹಚ್ಚುತ್ತಿದ್ದೆ. ಮೆಟ್ಟಿಲ ಮೇಲಿಂದ ಅಕ್ಕನ ಸ್ವರ ಗುಡುಗಿತು.

"ಹಬ್ಬದ ದಿನವೂ ವಾಸನೆಯಾ? ಸಾಕು ನಿನ್ನ ಸಹವಾಸ! ನಾಳೆಯೇ ಅಂಗಡಿ ಬಿಡು!"

ಅಂಗಡಿಯಿಡೀ ಮೂಸಿದೆ, ಊದುಬತ್ತಿ ಪರಿಮಳ ಬಿಟ್ಟರೆ ಎಂತದ್ದೂ ಇಲ್ಲ. ಮೆಟ್ಟಿಲು ಹತ್ತಿದಂತೆ ವಾಸನೆ ಜೋರಾಯಿತು. ನೇರ ಅವರ ದೇವರ ಕೋಣೆಗೆ! ಹಿಂದಿನ ದಿನ ನಾನೇ ರಿಪೇರಿ ಮಾಡಿ ಟ್ಯಾಂಕ್ ಖಾಲಿ ಮಾಡಿ ಕೊಟ್ಟ ಅವರ ಹುಲ್ಲಿನ ಮಿಷನು, ಗೊಂಡೆ ಹೂವಿನ ಮಾಲೆ ಹಾಕಿಸಿಕೊಂಡು ಕೂತಿದೆ. ಮುಚ್ಚಳದ ಸಂದಿನಿಂದ ಪೆಟ್ರೋಲ್ ಜಿನುಗುತ್ತಿದೆ. ಎದುರಿಗೆ ದೀಪ!

ದೀಪವನ್ನು ಬಾಯಲ್ಲಿ ಊದಬಾರದಲ್ಲ. ಒಂದು ಹೂವು ತೆಗೆದು ಬತ್ತಿ ಒತ್ತಿ ಆರಿಸಿದೆ. "ಸ್ವಿಚ್ ಮುಟ್ಟಬೇಡಿ ಅಕ್ಕ, ಕಿಟಕಿ ತೆರೆಯಿರಿ!" ಎನ್ನುತ್ತ ಮಿಷನನ್ನು ಮಾಲೆ ಸಮೇತ ಎತ್ತಿಕೊಂಡು ಅಂಗಳಕ್ಕೆ ಓಡಿದೆ.

"ನಿನ್ನೆ ಖಾಲಿ ಮಾಡಿ ಕೊಟ್ಟದ್ದಲ್ವಾ?" ಎಂದು ಏದುಸಿರಲ್ಲಿ ಕೇಳಿದೆ.

"ಖಾಲಿ ಕೊಡಪಾನ ಯಾರಾದರೂ ದೇವರ ಎದುರು ಇಡ್ತಾರಾ? ಅಪಶಕುನ ಅಲ್ವಾ? ಅದಕ್ಕೆ ಕಂಠಮಟ್ಟ ತುಂಬಿಸಿದೆ" ಎನ್ನುತ್ತ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಪಕ್ಕ ಕೂತೆ. ನಗುವುದಾ ಅಳುವುದಾ ಇಬ್ಬರಿಗೂ ಗೊತ್ತಾಗಲಿಲ್ಲ.

ಮೆಲ್ಲನೆ ಕೇಳಿದೆ: "ಹಾಗಾದರೆ ಅಕ್ಕ, ನಾಳೆ ಅಂಗಡಿ...?"

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಸುಮ್ಮನಿರು ಮಾರಾಯ. ನೀನು ಹೋದರೆ, ಇನ್ನು ವಾಸನೆ ಬಂದಾಗ ನಾನು ಬೈಯುವುದು ಯಾರನ್ನು?"